ಉಚಿತ ಸಂಗೀತ ಸಂಸ್ಥೆಯ ಸಮಾಪನ

ವ್ಯಾಪಾರ ಸಂಸ್ಥೆಯೊಂದನ್ನು ಮುಚ್ಚುವಾಗ ಆಸ್ತಿಯನ್ನು ಮಾರಿ, ಸಾಲ ತೀರಿಸಿ, ಉಳಿದುದನ್ನು ಪಾಲುದಾರರಿಗೆ ಹಂಚುವುದು ಕ್ರಮ. ಆದರೆ ಸರಕನ್ನು ಮಾರದೆ ಉಚಿತವಾಗಿಯೇ ಹಂಚಿದ ಸಂಸ್ಥೆಯ ಸಮಾಪನ ಹೇಗೆ?

ಸೈಮನ್ ಕಾರ್ಲೆಸ್ ಅವರು 1996ರಲ್ಲಿ ಸ್ಥಾಪಿಸಿದ 'ಮೊನೊಟೋನಿಕ್', ಎಲೆಕ್ಟ್ರಾನಿಕ್ ಸಂಗೀತವನ್ನು ಅಂತರಜಾಲದ ಮೂಲಕ ಉಚಿತವಾಗಿ ಒದಗಿಸಿದ ಮೊದಮೊದಲ ಸಂಸ್ಥೆಗಳಲ್ಲೊಂದು. 2009ರಲ್ಲಿ ಅದು ತನ್ನ ಕಾರ್ಯವನ್ನು ಮುಕ್ತಾಯಗೊಳಿಸಿತು. ಇಂತಹ ಸಂಸ್ಥೆಗಳಿಗೆ ದಾಸ್ತಾನೂ ಇಲ್ಲ, ಗ್ರಾಹಕರಿಂದ ಬರಬೇಕಾದ ಬಾಕಿಯೂ ಇಲ್ಲ. ಆದರೂ ಹೊಣೆಯುಂಟು: ಕಲಾವಿದರು ನಂಬಿ ಒಪ್ಪಿಸಿದ ಕೃತಿಗಳು. ಡೊಮೇನ್ ಹೆಸರಿನ ಶುಲ್ಕ, ಸರ್ವರ್ ಬಾಡಿಗೆ ಕಟ್ಟುವುದು ನಿಂತರೆ ಅವೂ ಕಣ್ಮರೆಯಾಗಬಲ್ಲವು.

ಇದಕ್ಕೆ ರಕ್ಷಣೆ ಎರಡು. ಮೊದಲನೆಯದು, ಲಾಭರಹಿತ 'ಇಂಟರ್ನೆಟ್ ಆರ್ಕೈವ್'ನಂತಹ ಭಂಡಾರದಲ್ಲಿ ಪ್ರತಿಗಳನ್ನಿರಿಸುವುದು. ಮೊನೊಟೋನಿಕ್ ಅನುಸರಿಸಿದ ಮಾರ್ಗವಿದು. ಎರಡನೆಯದು, 2002ರಲ್ಲಿ ಜಾರಿಗೆ ಬಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿ. ಇದರಲ್ಲಿ ಹಕ್ಕುಸ್ವಾಮ್ಯವು ಹಕ್ಕುದಾರರಲ್ಲಿಯೇ ಉಳಿಯುತ್ತದೆ. ಆದರೆ ಷರತ್ತುಗಳನ್ನು ಪಾಲಿಸುವವರಿಗೆ ಒಮ್ಮೆ ಕೊಟ್ಟ ಅನುಮತಿಯನ್ನು ಹಿಂಪಡೆಯಲಾಗದು. ಸಂಸ್ಥೆ ಮುಚ್ಚಿದರೂ ಪರವಾನಗಿ ಊರ್ಜಿತವಾಗಿಯೇ ಇರುತ್ತದೆ.

ಉಚಿತವಾಗಿ ಕೊಟ್ಟದ್ದನ್ನು ಉಳಿಸಿಕೊಳ್ಳಲೂ ವೆಚ್ಚವುಂಟು. ಬಾಗಿಲು ಹಾಕುವ ಮುನ್ನವೇ ಅದನ್ನು ಲೆಕ್ಕಕ್ಕೆ ತಂದುಕೊಳ್ಳುವುದು ವಿವೇಕ.