'ಅಕ್ಕಿ' ಎಂಬ ಹೆಸರು ಯಾರ ಆಸ್ತಿ?

ಸಿರುಗುಪ್ಪದ ಅಕ್ಕಿಯನ್ನು 'ಅಕ್ಕಿ' ಎನ್ನಲು ನೀವು ಯಾರ ಅಪ್ಪಣೆಯನ್ನಾದರೂ ಕೇಳುತ್ತೀರಾ? ಬಳ್ಳಾರಿಯ ಕೌಲ್ ಬಜಾರಿನಲ್ಲಿ ಪ್ಯಾಂಟ್ ಹೊಲಿಸುವವರು ಬೋರ್ಡಿನ ಮೇಲೆ 'ಜೀನ್ಸ್' ಎಂದು ಬರೆಸಲು ಯಾರಿಗಾದರೂ ಬಾಡಿಗೆ ಕೊಡಬೇಕೇ? ನಗು ಬರುವ ಪ್ರಶ್ನೆ. ಇಂಟರ್‌ನೆಟ್‌ನಲ್ಲಿ ಮಾತ್ರ ಇದು ನಗುವ ವಿಷಯವಲ್ಲ.

ವೆಬ್‌ಸೈಟಿನ ವಿಳಾಸವನ್ನು ಡೊಮೈನ್ ಹೆಸರು ಎನ್ನುತ್ತಾರೆ. ಮೊದಲು ಬಂದು ಶುಲ್ಕ ಕಟ್ಟಿದವರಿಗೆ ಅದು ಸಿಗುತ್ತದೆ. 'ಡಾಟ್ ಕಾಮ್' ಮುಂದೆ 'ರೈಸ್' ಎಂಬ ಪದ ಒಬ್ಬರ ಕೈ ಸೇರಿದರೆ ಇನ್ನೊಬ್ಬರಿಗಿಲ್ಲ. ಇದನ್ನು ದೊಡ್ಡ ಅನ್ಯಾಯವೆನ್ನಲಾರೆ. ಪೇಟೆಯಲ್ಲಿ ಮೂಲೆಯ ಅಂಗಡಿಯೂ ಒಬ್ಬರಿಗೇ ಸಿಗುವುದು, ಉಳಿದವರು ಪಕ್ಕದಲ್ಲಿ ವ್ಯಾಪಾರ ಮಾಡುತ್ತಾರೆ. 2020ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 'ಬುಕಿಂಗ್ ಡಾಟ್ ಕಾಮ್' ಟ್ರೇಡ್‌ಮಾರ್ಕ್ ಆಗಬಹುದೆಂದಿತು. ಜನರು ಅದನ್ನು ಒಂದು ಕಂಪೆನಿಯ ಹೆಸರೆಂದೇ ಗುರುತಿಸುತ್ತಾರೆ ಎಂಬುದು ಕಾರಣ. 'ಬುಕಿಂಗ್' ಎಂಬ ಬರಿಯ ಪದ ಆಗಲೂ ಎಲ್ಲರದೇ.

ಆದರೆ ಇಡೀ ಮಾರುಕಟ್ಟೆಗೇ ಒಬ್ಬರು ಬೀಗ ಹಾಕಿದರೆ? 2012ರಲ್ಲಿ ಅಂಥದೇ ಪ್ರಯತ್ನ ನಡೆಯಿತು. ವಿಳಾಸಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ, 'ಡಾಟ್ ಕಾಮ್'ನಂತೆ ವಿಳಾಸದ ಕೊನೆಗೆ ಬರುವ ಹೊಸ ಪದಗಳಿಗೆ ಅರ್ಜಿ ಕರೆಯಿತು. ಶುಲ್ಕವೇ 1,85,000 ಡಾಲರ್! ಹೊಲಿಗೆ ಯಂತ್ರದ ಮುಂದೆ ಕುಳಿತವರ ಕೈಗೆಟುಕುವ ಮಾತೇ? ಅಮೆಜಾನ್ 'ಡಾಟ್ ಬುಕ್' ಕೇಳಿತು, ಲೋರಿಯಲ್ 'ಡಾಟ್ ಬ್ಯೂಟಿ' ಕೇಳಿತು. ತಮ್ಮ ಹೊರತು ಬೇರೆಯವರಿಗೆ ಅಲ್ಲಿ ಜಾಗವಿಲ್ಲ ಎಂಬುದು ಅವರ ಮೊದಲ ಯೋಜನೆ. ಪ್ರಕಾಶಕರು, ಸರಕಾರಗಳು ಆಕ್ಷೇಪಿಸಿದವು. 2015ರಲ್ಲಿ ಐಕ್ಯಾನ್ ಇಂಥ ಏಕಸ್ವಾಮ್ಯಕ್ಕೆ ಅವಕಾಶ ಕೊಡಲಿಲ್ಲ. 2024ರ ಜನವರಿಯಲ್ಲಿ, ಮುಂದಿನ ಸುತ್ತಿಗೂ ಬೇಡವೆಂದಿತು. ಸರಿಯಾದ ತೀರ್ಮಾನವೇ.

ನಮ್ಮ ದೇಶದ 1999ರ ಟ್ರೇಡ್‌ಮಾರ್ಕ್ ಕಾಯ್ದೆಯೂ ವಸ್ತುವಿನ ಬಗೆ, ಗುಣ, ಹುಟ್ಟಿದ ಊರನ್ನಷ್ಟೇ ಹೇಳುವ ಪದಗಳನ್ನು ಸಾಮಾನ್ಯವಾಗಿ ಒಬ್ಬರ ಹೆಸರಿಗೆ ಬರೆದುಕೊಡುವುದಿಲ್ಲ. ಅಂದರೆ ನೀವು ಕುರುಗೋಡಿನ ಮನೆಯಲ್ಲಿ ಖಾರದ ಪುಡಿ ಮಾಡಿ ಮಾರುವವರಾದರೆ, ಬರಿಯ 'ಖಾರದ ಪುಡಿ' ಎಂಬ ವಿಳಾಸಕ್ಕಾಗಿ ದುಬಾರಿ ಹಣ ಸುರಿಯಬೇಕಿಲ್ಲ. ಅದಕ್ಕೆ ನಿಮ್ಮ ಹೆಸರನ್ನೋ ಮನೆತನದ ಹೆಸರನ್ನೋ ಸೇರಿಸಿ. ಗಿರಾಕಿಗಳು ನೆನಪಿಟ್ಟುಕೊಳ್ಳುವುದು ಅದನ್ನೇ. ಊರಿನ ಹೆಸರು ಸೇರಿಸುವುದಾದರೆ ಇಂಗ್ಲಿಷ್ ಕಾಗುಣಿತ ಗಮನಿಸಿ: 2014ರ ನವೆಂಬರ್ 1ರಂದು 'ಬೆಲ್ಲಾರಿ' ಹೋಗಿ 'ಬಳ್ಳಾರಿ' ಬಂತು. ಹಳೆಯ ಗಿರಾಕಿಗಳ ಬೆರಳು ಇನ್ನೂ ಹಳೆಯದನ್ನೇ ಒತ್ತಬಹುದು. ಸಾಧ್ಯವಾದರೆ ಎರಡನ್ನೂ ಪಡೆಯಿರಿ.

ಇನ್ನೊಂದು ಮಾತು. ವೆಬ್‌ಸೈಟ್ ಮಾಡಿಕೊಡುವ ಹುಡುಗ ವಿಳಾಸವನ್ನು ತನ್ನ ಹೆಸರಿನಲ್ಲೇ ನೋಂದಾಯಿಸದಂತೆ ನೋಡಿಕೊಳ್ಳಿ. ಮಾಲೀಕರ ಜಾಗದಲ್ಲಿ ನಿಮ್ಮ ಹೆಸರು, ನಿಮ್ಮ ಇ-ಮೇಲ್, ನಿಮ್ಮ ಮೊಬೈಲ್ ಸಂಖ್ಯೆ ಇರಲಿ. ಅವಧಿ ಮುಗಿಯುವ ತಾರೀಕನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿಡಿ.