ಗಣಿಯ ಕತ್ತಲಲ್ಲಿ ಕಂಡ ಗೆರೆಗಳು

ನಂಗಲಿಗೆ ಬಹು ದೂರವಲ್ಲದ ಕೋಲಾರದ ಗಣಿಗಳು ಚಿನ್ನಕ್ಕೆ ಹೆಸರಾದವು. ಭೌತವಿಜ್ಞಾನಿಗಳಿಗಾದರೋ ಅಲ್ಲಿ ಬೇಕಾದುದು ಚಿನ್ನವಲ್ಲ, ಬಂಡೆ. ಆಕಾಶದಿಂದ ಎಡೆಬಿಡದೆ ಸುರಿಯುವ ವಿಶ್ವಕಿರಣಗಳನ್ನು ಎರಡು ಕಿಲೋಮೀಟರಿಗೂ ಮಿಕ್ಕ ಬಂಡೆ ಬಹುಮಟ್ಟಿಗೆ ಸೋಸಿಬಿಡುತ್ತದೆ. ನ್ಯೂಟ್ರಿನೋ ಎಂಬ ಕಣ ಮಾತ್ರ ತಡೆಯಿಲ್ಲದೆ ಇಳಿಯುತ್ತದೆ. ವಾತಾವರಣದಲ್ಲಿ ಹುಟ್ಟಿದ ಈ ಕಣದ ಸುಳಿವು 1965ರಲ್ಲಿ ಇಲ್ಲಿ ದೊರೆಯಿತು.

ನ್ಯೂಟ್ರಿನೋ ಬಂಡೆಗೆ ಬಡಿದಾಗ ಹೊಮ್ಮುವ ಕಣಗಳು ಉಪಕರಣದಲ್ಲಿ ತಮ್ಮ ಜಾಡನ್ನು ಗೆರೆಗಳಾಗಿ ಉಳಿಸುತ್ತವೆ. ಆ ಗೆರೆಗಳ ಬುಡ ಬಂಡೆಯಲ್ಲಿರುವುದು ಸಹಜ. ಆದರೆ ಕೆಲವೇ ಕೆಲವು ಗೆರೆಗಳು ಗೋಡೆಗೂ ಉಪಕರಣಕ್ಕೂ ನಡುವಣ ಬರಿಯ ಗಾಳಿಯಲ್ಲಿ ಕವಲೊಡೆದಿದ್ದವು. ಗಾಳಿ ತೀರ ತೆಳು. ಅಲ್ಲಿ ನ್ಯೂಟ್ರಿನೋ ಬಡಿಯುವುದು ಅಸಂಭವವೆನ್ನುವಷ್ಟು ಅಪರೂಪ. ಹಾಗಾದರೆ ಬಂಡೆಯಲ್ಲಿ ಹುಟ್ಟಿದ ಹೊಸ ಕಣವೊಂದು ಹೊರಬಂದು ಒಡೆಯಿತೇ? ಹಾಗೆಂದೇ 1975ರಲ್ಲಿ ಎಂ. ಜಿ. ಕೆ. ಮೆನನ್, ವಿ. ಎಸ್. ನರಸಿಂಹಂ ಮೊದಲಾದವರು ಸೂಚಿಸಿದರು. ಅದರ ಆಯುಸ್ಸು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಷ್ಟೆಂದು ಅವರ ಅಂದಾಜು.

ಅಂಥ ಕಣವಿದ್ದರೆ ವೇಗವರ್ಧಕ ಯಂತ್ರಗಳ ಪ್ರಯೋಗಗಳಲ್ಲಿಯೂ ಕಾಣಬೇಕು. ಹುಡುಕಿದವರಿಗೆ ಅದು ಕಾಣಲಿಲ್ಲ. ಬೆರಳೆಣಿಕೆಯ ಗೆರೆಗಳನ್ನು ನಂಬಿ ಹೊಸ ಕಣವನ್ನು ಒಪ್ಪುವುದು ಹೇಗೆ? ಕಂಡ ಗೆರೆಗಳನ್ನು ಇಲ್ಲವೆನ್ನುವುದಾದರೂ ಹೇಗೆ? ‘ಕೋಲಾರದ ಘಟನೆಗಳು’ ಎಂಬ ಹೆಸರಂತೂ ಉಳಿಯಿತು. 2001ರಲ್ಲಿ ಗಣಿ ಮುಚ್ಚಿತು. ಆಳದ ಸುರಂಗಗಳಲ್ಲಿ ನೀರು ತುಂಬಿತು.