ಸುರಪುರ: ಶೌರ್ಯದ ಊರು, ಹೇಳದ ನೋವು

ಸುತ್ತ ಗುಡ್ಡ, ನಡುವೆ ಊರು. ಒಂದು ಗುಡ್ಡದ ನೆತ್ತಿಯಲ್ಲಿ ಟೇಲರ್ ಮಂಜಿಲ್. ಅದನ್ನು ಕಟ್ಟಿಸಿದವನು ಫಿಲಿಪ್ ಮೆಡೋಸ್ ಟೇಲರ್. ಸುರಪುರದ ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಬಾಲಕ. ಸಂಸ್ಥಾನದ ಆಡಳಿತ ನೋಡಿಕೊಳ್ಳಲು 1840ರ ದಶಕದಲ್ಲಿ ಬಂದ ಈ ಇಂಗ್ಲಿಷ್ ಅಧಿಕಾರಿಯನ್ನು ಹುಡುಗ ‘ಅಪ್ಪಾ’ ಎಂದೇ ಕರೆಯುತ್ತಿದ್ದ.

ಬೆಳೆದು ದೊರೆಯಾದ ವೆಂಕಟಪ್ಪ ಬ್ರಿಟಿಷರ ವಿರುದ್ಧ ಬಂಡೆದ್ದಾಗ, 1858ರ ಫೆಬ್ರುವರಿಯಲ್ಲಿ ಅವರ ಸೇನೆ ಸುರಪುರದ ಮೇಲೆ ಬಂತು. ಕಾಳಗದಲ್ಲಿ ಬ್ರಿಟಿಷರ ಕ್ಯಾಪ್ಟನ್ ನ್ಯೂಬೆರಿ ಸತ್ತ. ದೊರೆ ಹೈದರಾಬಾದಿಗೆ ತಪ್ಪಿಸಿಕೊಂಡು ಹೋಗಿ ಅಲ್ಲಿ ಸಿಕ್ಕಿಬಿದ್ದ. ಸಿಕಂದರಾಬಾದಿನ ಸೆರೆಯಲ್ಲಿ ತನ್ನ ಕೊರಳು ತಬ್ಬಿ ಅವನು ಅತ್ತನೆಂದು ಟೇಲರ್ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮರಣದಂಡನೆ ಇಳಿದಿಳಿದು ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಯಾಯಿತು. ಬೇಡರ ಕುಲದವನಾದ ಅವನಿಗೆ ಸಾವಿಗಿಂತ ಸೆರೆಮನೆಯೇ ದೊಡ್ಡ ಅವಮಾನ. ಅಲ್ಲಿಗೆ ಸಾಗಿಸುವ ಹಾದಿಯಲ್ಲೇ ಅವನು ಗುಂಡಿಗೆ ಬಲಿಯಾದ. ತಾನೇ ಹೊಡೆದುಕೊಂಡನೆಂಬುದು ಟೇಲರನ ಮಾತು. ಆಗಿನ್ನೂ ಅವನಿಗೆ ಇಪ್ಪತ್ನಾಲ್ಕರ ಪ್ರಾಯ.

ಆ ಹರೆಯದವನ ಶೌರ್ಯವನ್ನು ಊರು ಹೆಮ್ಮೆಯಿಂದ ನೆನೆಯುತ್ತದೆ. ಅವನ ಎದೆ ಒಡೆದದ್ದನ್ನು ಮಾತ್ರ ಭಾಷಣಗಳು ಮುಟ್ಟುವುದಿಲ್ಲ. ಅರಮನೆಯ ಹೆಂಗಸರ ಗತಿಯಂತೂ ಯಾರ ಬಾಯಲ್ಲೂ ಇಲ್ಲ.

ಎರಡನೆಯ ಗಾಯ 1948ರದು. ನಿಜಾಮನ ಪರ ನಿಂತ ರಜಾಕಾರರ ಹಾವಳಿಗೆ ಹೆದರಿ ಹೈದರಾಬಾದ್ ಕರ್ನಾಟಕದ ಎಷ್ಟೋ ಕುಟುಂಬಗಳು ಗಡಿ ದಾಟಿದವು. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಸೇಡಿನ ಹಿಂಸೆಗೆ ಮುಸ್ಲಿಂ ಕುಟುಂಬಗಳು ತುತ್ತಾದವು. ಈ ಹಿಂಸೆಯನ್ನು ವಿಚಾರಿಸಲು ಬಂದ ಪಂಡಿತ್ ಸುಂದರಲಾಲ್ ಸಮಿತಿ ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾವನ್ನೂ ಹೆಸರಿಸಿತು. ಸುರಪುರ ಆಗ ಅದೇ ಜಿಲ್ಲೆಯ ತಾಲೂಕು. ಆ ವರದಿ ದಶಕಗಳ ಕಾಲ ಕಪಾಟಿನಿಂದ ಹೊರಬರಲಿಲ್ಲ. ಎರಡೂ ಕಡೆಯವರು ಬಾಯಿ ಮುಚ್ಚಿಕೊಂಡೇ ಮಕ್ಕಳನ್ನು ಸಾಕಿದರು.

ಇಂಥ ಸಂಘರ್ಷ ಕಂಡ ಪ್ರದೇಶಗಳಲ್ಲಿ ಐವರಲ್ಲಿ ಒಬ್ಬರಿಗೆ ಖಿನ್ನತೆ, ಆತಂಕದಂಥ ಯಾವುದಾದರೊಂದು ಮಾನಸಿಕ ತೊಂದರೆ ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಂದಾಜು. ಈ ಭಾಗದ ಮನೆಗಳಲ್ಲಿ ಅದಕ್ಕೆ ‘ಗಾಳಿ ಸೋಕ್ಯದ’, ‘ಮನಸಿಗೆ ಹಚ್ಕೊಂಡಾನ’ ಎಂದಷ್ಟೇ ಹೇಳಿ ದರ್ಗಾಕ್ಕೋ ಗುಡಿಗೋ ಕರೆದೊಯ್ದಿರಬೇಕು. ಅದನ್ನು ಹೀಯಾಳಿಸಬೇಕಾಗಿಲ್ಲ, ನೋವನ್ನು ಕೇಳಿಸಿಕೊಳ್ಳಲು ಇದ್ದ ಜಾಗ ಅದೊಂದೇ.

ಈಗ ಬೇರೆ ಜಾಗಗಳೂ ಇವೆ. ರಾಜ್ಯದ ‘ಮನೋಚೈತನ್ಯ’ ಯೋಜನೆಯಡಿ ಮಂಗಳವಾರ ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ರೋಗಿಗಳನ್ನು ನೋಡುತ್ತಾರೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ ನಿಮ್ಹಾನ್ಸ್‌ನ ಬೆಂಬಲವಿದೆ. 14416ಕ್ಕೆ ಕರೆ ಮಾಡಿದರೆ ಹಗಲಿರುಳೂ, ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.